ಬಳೆ ಡಬ್ಬ ಹಿಡಿದು ನಿಂತ ಶಿವಕುಮಾರಿ ಮಿಸ್

ಚಾಮರಾಜಪೇಟೆಯ ಹಳೇ ಶಾಲೆಯೊಂದರ ಮೈದಾನ. ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮಾರ್ಕೆಟ್ ಕಡೆಯಿಂದ ಹೂವಿನ ಮೂಟೆ ಹೇರಿಕೊಂಡ ಸ್ಕೂಟರುಗಳು ಗೇಟಿನ ಮುಂದೆ ಹಾದುಹೋಗುತ್ತಿವೆ. ಒಳಗೆ, ಹೊಂಗೆ ಮರದ ಪಕ್ಕ, ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡ ಹೆಂಗಸೊಬ್ಬರು ರಟ್ಟಿನ ಡಬ್ಬವೊಂದನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ನಿಂತಿದ್ದಾರೆ. ಹಣೆಯಲ್ಲಿ ಮೂರೆಳೆ ವಿಭೂತಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ದೂರದಿಂದ ನೋಡಿದವರಿಗೆ ಯಾರದೋ ಮನೆಯ ತಿಂಡಿ ಡಬ್ಬ ಕೊಡಲು ಬಂದವರಂತೆ ಕಾಣುತ್ತಾರೆ.

ಮಣ್ಣಿನ ಓಟದ ಪಟ್ಟಿಯ ಆ ತುದಿಯಲ್ಲಿ ತನ್ಮಯಿ ನಿಂತಿದ್ದಾಳೆ. ಹದಿನೇಳರ ಹುಡುಗಿ. ಕೈಯಲ್ಲಿ ಅವಳ ಎರಡರಷ್ಟು ಉದ್ದದ ಪೋಲ್. "ಬರ್ತೀನಿ ಮಿಸ್" ಎಂದು ಕೂಗಿ ಓಡಲು ಶುರುಮಾಡುತ್ತಾಳೆ. ಮಿಸ್ ಬಾಯಲ್ಲೇ ತಾಳ ಹಾಕುತ್ತಾರೆ: "ಸೊಂಟ, ಕಿವಿ, ಆಕಾಶ!" ಕೊನೆಯ ಹೆಜ್ಜೆಗಳಲ್ಲಿ ಪೋಲ್ ಹಿಡಿದ ಕೈ ಸೊಂಟದಿಂದ ಕಿವಿಯ ಪಕ್ಕಕ್ಕೆ, ಅಲ್ಲಿಂದ ನೆತ್ತಿಯ ಮೇಲಕ್ಕೆ ಏರಬೇಕು. ಏರುತ್ತದೆ. ಪೋಲಿನ ತುದಿ ನೆಲದಲ್ಲಿ ಹೂತಿಟ್ಟ ಮರದ ಪೆಟ್ಟಿಗೆಗೆ ಸರಿಯಾಗಿಯೇ ಜಾರಿ ಕೂರುತ್ತದೆ. ಇನ್ನು ಎಡಗಾಲಲ್ಲಿ ನೆಲ ಒದ್ದು ಮೇಲೇಳಬೇಕು, ಅಷ್ಟೇ. ತನ್ಮಯಿ ಏಳುವುದಿಲ್ಲ. ಪೋಲನ್ನು ಅಲ್ಲೇ ಬಿಟ್ಟು ಹಾಗೇ ಓಡಿಹೋಗಿ ಎದುರಿನ ಹಾಸಿಗೆಗಳ ಮೇಲೆ ಬೀಳುತ್ತಾಳೆ. ಅದೇ ಗಳಿಗೆಗೆ ಮಿಸ್ ಎದೆಯ ಡಬ್ಬದೊಳಗೆ ಗಾಜು ಜಲ್ ಎನ್ನುತ್ತದೆ.

"ಮಿಸ್, ನಿಮ್ ಕೈ ಅಲ್ಲಾಡ್ತು" ಎನ್ನುತ್ತಾಳೆ ತನ್ಮಯಿ, ಮಲಗಿದಲ್ಲಿಂದಲೇ.

"ಅಲ್ಲಾಡ್ತು. ನಿನ್ ಕಾಲು ಏಳ್ಲಿಲ್ಲ. ಇಬ್ರೂ ಫೇಲು. ಎದ್ದೇಳು, ಮತ್ತೆ ಹೋಗು."

ಈಕೆ ಶಿವಕುಮಾರಿ. ವಯಸ್ಸು ಐವತ್ತು ದಾಟಿದೆ. ಬೆಳಿಗ್ಗೆ ಇಲ್ಲಿ ಮಕ್ಕಳಿಗೆ ಪೋಲ್ ವಾಲ್ಟ್ ಅಭ್ಯಾಸ ಮಾಡಿಸುತ್ತಾರೆ, ಬಿಸಿಲು ಏರುವ ಹೊತ್ತಿಗೆ ಬಳೇಪೇಟೆಯಲ್ಲಿ ಗಂಡನ ಹೋಲ್‌ಸೇಲ್ ಬಳೆ ಅಂಗಡಿಯ ಗಲ್ಲಾದ ಪಕ್ಕ ಕೂತಿರುತ್ತಾರೆ. ಎರಡೂ ಕೆಲಸಕ್ಕೂ ಸಂಬಂಧವಿಲ್ಲ ಎಂದೇ ಬಹಳ ವರ್ಷ ಅವರೂ ಅಂದುಕೊಂಡಿದ್ದರು. ಈಗ ಎದೆಗೆ ಅವಚಿ ಹಿಡಿದಿರುವ ಡಬ್ಬ ಅಂಗಡಿಯದು. ಅದರಲ್ಲಿರುವುದು ಹಸಿರು ಗಾಜಿನ ಬಳೆ. ಪೋಲ್ ವಾಲ್ಟ್ ಕಲಿಸುವ ಜಾಗದಲ್ಲಿ ಬಳೆಗೇನು ಕೆಲಸ ಎಂದು ಕೇಳಿದರೆ ಶಿವಕುಮಾರಿ ನೇರವಾಗಿ ಉತ್ತರ ಕೊಡುವುದಿಲ್ಲ. "ಅದು ನಂಗೆ ಡ್ರಿಲ್ಲು. ಅವ್ಳಿಗೆ ಅವ್ಳದು, ನಂಗೆ ನಂದು" ಎಂದು ನಗುತ್ತಾರೆ.

ಡ್ರಿಲ್ಲುಗಳ ವಿಷಯ ಕೇಳಿದರೆ ಮಾತ್ರ ಮಾತು ನಿಲ್ಲುವುದಿಲ್ಲ. ಈ ಮೈದಾನಕ್ಕೆ ಬಂದ ಮಗು ಮೊದಲ ಕೆಲವು ವಾರ ನೆಲ ಬಿಟ್ಟು ಮೇಲೇಳುವುದೇ ಇಲ್ಲ. ಪೋಲ್ ಹಿಡಿದುಕೊಂಡು ನಡೆಯಬೇಕು, ಅಷ್ಟೇ. ತುಂಬಿದ ಕೊಡ ಹೊತ್ತವರ ಹಾಗೆ ಭುಜ ಅಲುಗದೆ ನಡೆಯುವುದು ಬಂದ ಮೇಲೆ ಗೋಡೆಯ ಸರದಿ. ಕಾಂಪೌಂಡ್ ಗೋಡೆಯ ಬುಡಕ್ಕೆ ಪೋಲಿನ ತುದಿ ಊರಿ, ಕೈ ನೆತ್ತಿಯ ಮೇಲೆ ನೆಟ್ಟಗೆ ಚಾಚಿ, ಎದೆ ಮುಂದಕ್ಕೆ ಕೊಟ್ಟು ನಿಲ್ಲಬೇಕು. "ಗೋಡೆ ಜಗ್ಗಲ್ಲ. ನೀನೂ ಜಗ್ಬೇಡ" ಎಂಬುದಷ್ಟೇ ಮಿಸ್ ಅವರ ಪಾಠ. ವರ್ಷಗಟ್ಟಲೆ ಮಕ್ಕಳು ಊರಿ ಊರಿ ಗೋಡೆಯ ಆ ಜಾಗದ ಗಾರೆ ಕಿತ್ತುಹೋಗಿದೆ. ಶಾಲೆಯವರು ಗೊಣಗಿದಾಗೆಲ್ಲ ಶಿವಕುಮಾರಿ ಒಂದು ಬಾಂಡ್ಲಿ ಸಿಮೆಂಟು ಕಲಸಿ ತಾವೇ ಮೆತ್ತುತ್ತಾರೆ.

ಗೋಡೆಯಾದ ಮೇಲೆ ಮರಳಿನ ಗುಂಡಿ. ಲಾಂಗ್ ಜಂಪಿನ ಗುಂಡಿಗೆ ಪೋಲ್ ಊರಿ, ಜೋತುಬಿದ್ದು, ಆ ಕಡೆ ಇಳಿಯುವುದು. ಅದಾದ ಮೇಲೆ ಹೊಂಗೆ ಮರ. ದಪ್ಪ ಕೊಂಬೆಯಿಂದ ಬಾವಿ ಹಗ್ಗವೊಂದು ಇಳಿಬಿದ್ದಿದೆ. ಮಕ್ಕಳು ಅದನ್ನು ಹಿಡಿದು ತೂಗಿ, ಸೊಂಟವನ್ನು ಕೈಯ ಮಟ್ಟಕ್ಕೆ ಎಳೆದುಕೊಂಡು, ಕಾಲನ್ನು ಎಲೆಗಳ ಕಡೆ ಎತ್ತಿ ತಲೆಕೆಳಗಾಗುತ್ತಾರೆ. ವಾಕಿಂಗಿಗೆ ಬಂದ ಹಿರಿಯರೊಬ್ಬರು ಇದನ್ನು ನೋಡಿ, "ಇದು ಯಾವ ಆಸನ ಮೇಡಂ? ಬಿ.ಪಿ.ಗೆ ಒಳ್ಳೇದಾ?" ಎಂದು ಕೇಳಿದ್ದುಂಟು. ಮಿಸ್ ಬಲು ಗಂಭೀರವಾಗಿ, "ನಿಮಗೆ ಬೇಡ ಸಾರ್" ಎಂದರಂತೆ.

ಎಲ್ಲಕ್ಕಿಂತ ಮಜಾ ಹಾಸಿಗೆಗಳದು. ಪಕ್ಕದ ಬೀದಿಯ ಹಳೇ ಮದುವೆ ಛತ್ರವೊಂದು ರಿಪೇರಿಗೆಂದು ಮುಚ್ಚಿದಾಗ, ಬೀಗರಿಗೆಂದು ಇಟ್ಟಿದ್ದ ಹತ್ತಿ ಹಾಸಿಗೆಗಳನ್ನೆಲ್ಲ ಹೊರಗೆ ಹಾಕಿದರು. ಶಿವಕುಮಾರಿ ಅವನ್ನು ಕೈಗಾಡಿಯಲ್ಲಿ ತರಿಸಿ, ಒಂದರ ಮೇಲೊಂದು ಪೇರಿಸಿ, ಟಾರ್ಪಾಲು ಹೊದಿಸಿದರು. ಎಷ್ಟೋ ಬೀಗರು ಹೊರಳಾಡಿ ಮುನಿಸಿಕೊಂಡ ಹಾಸಿಗೆಗಳ ಮೇಲೆ ಈಗ ಮಕ್ಕಳು ಬೆನ್ನು ಕೊಟ್ಟು ಬೀಳುತ್ತಾರೆ. ಹಾರಿ ದಾಟಲು ಮೇಲೆ ಅಡ್ಡ ಬಾರ್ ಇಲ್ಲ. ಬಾರಿನ ಬದಲು ಲಂಗಕ್ಕೆ ಪೋಣಿಸುವ ಎಲಾಸ್ಟಿಕ್ಕನ್ನು ಎರಡು ಕಂಬಕ್ಕೆ ಕಟ್ಟಿರುತ್ತಾರೆ. ಮೈಗೆ ತಗುಲಿದರೆ ನೋವಾಗುವುದಿಲ್ಲ. ಹೆಚ್ಚು ಎತ್ತರಕ್ಕೆ ಹಾರುವ ಅವಕಾಶವೂ ಇಲ್ಲಿಲ್ಲ. ನಿಜವಾದ ಬಾರ್, ನಿಜವಾದ ಮೆತ್ತೆ ಬೇಕೆಂದರೆ ದೊಡ್ಡ ಸ್ಟೇಡಿಯಂಗೇ ಹೋಗಬೇಕು, ಅಲ್ಲಿ ಜಾಗ ಸಿಕ್ಕ ದಿನ ಮಾತ್ರ.

ಶಿವಕುಮಾರಿ ಹುಟ್ಟಿ ಬೆಳೆದದ್ದು ಓಕಳಿಪುರಂನ ರೈಲು ಹಳಿ ಪಕ್ಕದ ವಠಾರದಲ್ಲಿ. ಸೋದರಮಾವ ಅಪ್ಪಯ್ಯನವರಿಗೆ ಬಿದಿರು ಏಣಿ ಕಟ್ಟಿ ಮಾರುವ ಅಂಗಡಿಯಿತ್ತು. ಏಣಿಗೆ ಒದಗದ ಬಿದಿರು ಗಳಗಳು ಹಿತ್ತಲಲ್ಲಿ ಬಿದ್ದಿರುತ್ತಿದ್ದವು. "ಮೋರಿ ಆ ಕಡೆ ನೆಲ್ಲಿಕಾಯಿ ಮರ ಇತ್ತು. ಸುತ್ಕೊಂಡು ಹೋಗೋಕೆ ಸೋಮಾರಿತನ ನಂಗೆ. ಗಳ ಊರಿ ಹಾರಿಬಿಡ್ತಿದ್ದೆ" ಎಂದು ನೆನೆಯುತ್ತಾರೆ. "ಒಂದ್ಸಲ ಗಳ ಮೋರಿ ಮಧ್ಯದಲ್ಲೇ ನೆಟ್ಟಗೆ ನಿಂತ್ಕೊಂಡ್ಬಿಡ್ತು. ನಾನು ಮೇಲೆ, ಮೋರಿ ಕೆಳಗೆ. ಆ ಕಡೇನೂ ಹೋಗಲ್ಲ, ಈ ಕಡೇನೂ ಬರಲ್ಲ. ಆಮೇಲೆ ಏನಾಯ್ತು ಅಂತ ಕೇಳ್ಬೇಡಿ."

ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಈ ಹುಡುಗಿ ಗಳ ಊರಿ ಹಾರುವ ಚಳಕ ಕಂಡು ಹುಡುಗರ ಜೊತೆ ಅಭ್ಯಾಸಕ್ಕೆ ಸೇರಿಸಿಕೊಂಡರು. ಅಭ್ಯಾಸಕ್ಕೆ ಮಾತ್ರ. ಆಗ ಹುಡುಗಿಯರಿಗೆ ಪೋಲ್ ವಾಲ್ಟ್ ಸ್ಪರ್ಧೆಯೇ ಇರಲಿಲ್ಲ. ಸ್ಪರ್ಧೆಯ ದಿನ ಶಿವಕುಮಾರಿ ಹೋಗಿ ಕಂಬದ ಪಕ್ಕ ನಿಲ್ಲುತ್ತಿದ್ದರು. ಹುಡುಗರು ಬೀಳಿಸಿದ ಬಾರ್ ಎತ್ತಿ ಮತ್ತೆ ಮೇಲಿಡುವುದು ಅವರ ಕೆಲಸ. ಎತ್ತಿಡುವಾಗ ಇದನ್ನು ನಾನು ಹಾರಬಲ್ಲೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರು. ಹೆಂಗಸರಿಗೂ ಸ್ಪರ್ಧೆ ಎಂದು ಆದಾಗ ಅವರು ಬಳೇಪೇಟೆಯ ಸೊಸೆಯಾಗಿ, ಕಂಕುಳಲ್ಲಿ ಮಗಳು ಹಂಸಾಳನ್ನು ಕೂರಿಸಿಕೊಂಡು ಗಿರಾಕಿಗಳಿಗೆ ಬಳೆ ತೋರಿಸುತ್ತಿದ್ದರು. ಸುದ್ದಿ ಓದಿದ್ದು ಬಳೆ ಸುತ್ತಿ ಬಂದ ಹಳೇ ಪೇಪರಿನಲ್ಲಿ. "ಬೇಜಾರಾಯ್ತು" ಎನ್ನುತ್ತಾರೆ, ಮುಚ್ಚುಮರೆ ಇಲ್ಲದೆ. "ತುಂಬಾನೇ ಬೇಜಾರಾಯ್ತು. ಗಿರಾಕಿ ಮುಂದೆ ಅಳೋಕಾಗುತ್ತಾ? ಬಳೆ ತೋರಿಸ್ತಾನೇ ಇದ್ದೆ."

ಇವತ್ತಿಗೂ ಅವರ ಮನೆಯ ಶೋಕೇಸಿನಲ್ಲಿ ಹಂಸಾ ರಂಗೋಲಿ ಸ್ಪರ್ಧೆಯಲ್ಲಿ ಗೆದ್ದ ಕಪ್ ಇದೆ, ಗಂಡ ಪರಮಶಿವಯ್ಯನವರಿಗೆ ವರ್ತಕರ ಸಂಘ ಕೊಟ್ಟ ಫಲಕವಿದೆ. ಶಿವಕುಮಾರಿಯವರ ಹೆಸರಿನದು ಒಂದೂ ಇಲ್ಲ.

ಹಂಸಾ ಓದಿದ್ದು ಈ ಚಾಮರಾಜಪೇಟೆ ಶಾಲೆಯಲ್ಲೇ. ಮಗಳನ್ನು ಕರೆಯಲು ಬಂದಾಗ ಒಂದು ದಿನ ಆಟದ ಸಾಮಾನಿನ ಕೋಣೆಯ ಮೂಲೆಯಲ್ಲಿ ಜೇಡರ ಬಲೆ ಹೊದ್ದ ಎರಡು ಪೋಲ್ ಕಂಡವು. "ಇದನ್ನ ಯಾರೂ ಮುಟ್ಟಲ್ವಾ?" ಎಂದು ಕೇಳಿದರು. ಯಾರೂ ಮುಟ್ಟುತ್ತಿರಲಿಲ್ಲ. ಹಾಗೆ ಶುರುವಾದದ್ದು. ಅವರು ಶಾಲೆಯ ಟೀಚರಲ್ಲ, ಕೋಚ್ ಎಂಬ ಸರ್ಟಿಫಿಕೇಟೂ ಇಲ್ಲ. ಆದರೂ ಮೊದಲ ದಿನ ಬಂದ ಮಗು "ಮಿಸ್" ಎಂದು ಕರೆದದ್ದು ಹಾಗೇ ಅಂಟಿಕೊಂಡಿದೆ. ಹಂಸಾ ಈಗ ಮದುವೆಯಾಗಿ ಮತ್ತಿಕೆರೆಯಲ್ಲಿದ್ದಾಳೆ. ಅವಳು ಒಂದು ದಿನಕ್ಕೂ ಪೋಲ್ ಹಿಡಿದವಳಲ್ಲ. "ನಮ್ಮಮ್ಮಂಗೆ ಹುಚ್ಚು" ಎಂದು ನಗುತ್ತಾಳೆ. ಮಳೆ ಬಂದ ದಿನ ಫೋನ್ ಮಾಡಿ ಹಾಸಿಗೆಗೆ ಟಾರ್ಪಾಲು ಹೊದಿಸಿದ್ದಾಯಿತೇ ಎಂದು ವಿಚಾರಿಸುವವಳೂ ಅವಳೇ.

ಮೈದಾನದಲ್ಲಿ ಬಳೆ ಹಾಕುವಂತಿಲ್ಲ. ಇದು ಮಿಸ್ ಮಾಡಿದ ನಿಯಮ. ಬೆಳಿಗ್ಗೆ ಮನೆಯಲ್ಲಿ ಲಿಂಗಪೂಜೆ ಮುಗಿಸಿ ಹೊರಡುವಾಗ ಕೈಯ ಬಳೆ ತೆಗೆದು ಬ್ಯಾಗಿಗೆ ಹಾಕುತ್ತಾರೆ, ಅಂಗಡಿಯ ಮೆಟ್ಟಿಲಲ್ಲಿ ನಿಂತು ಮತ್ತೆ ತೊಡುತ್ತಾರೆ. ಆ ಬಳೆಗಳೋ, ಒಂದಕ್ಕೊಂದು ತಾಳೆಯಿಲ್ಲ. ಒಂದು ಕೆಂಪು, ಒಂದು ನೀಲಿ, ಒಂದಕ್ಕೆ ಚುಕ್ಕಿ, ಇನ್ನೊಂದು ಬೋಳು. ಬಳೆ ವ್ಯಾಪಾರದ ಮನೆಗಳಲ್ಲಿ ಮಾರುವ ಮಾಲನ್ನು ಮನೆಯ ಹೆಂಗಸರು ತೊಡುವ ಪದ್ಧತಿಯಿಲ್ಲ. ಡಜನ್ನಿನಲ್ಲಿ ಒಂದೆರಡು ಒಡೆದು, ಜೋಡಿ ತಪ್ಪಿ ಉಳಿದವು ಅವರ ಪಾಲಿಗೆ. ಶಿವಕುಮಾರಿ ಮದುವೆಯಾಗಿ ಬಂದಂದಿನಿಂದ ತೊಟ್ಟಿರುವುದು ಇಂಥವನ್ನೇ. ಗಿರಾಕಿಗಳು ಅದನ್ನು ಹೊಸ ಫ್ಯಾಷನ್ ಎಂದುಕೊಂಡು ಅಂಥದ್ದೇ ಕೇಳಿದ್ದೂ ಉಂಟು.

ಇನ್ನು ತನ್ಮಯಿಯ ವಿಷಯ. ಬಸವನಗುಡಿಯ ಮನೆ, ಗಣಿತದ ಲೆಕ್ಚರರ್ ಬದರೀನಾರಾಯಣ ಅವರ ಒಬ್ಬಳೇ ಮಗಳು. ಆರು ಗಂಟೆಯೊಳಗೆ ಅಪ್ಪ ಸ್ಕೂಟರಿನಲ್ಲಿ ತಂದು ಬಿಡುತ್ತಾರೆ, ಕಲ್ಲು ಬೆಂಚಿನ ಮೇಲೆ ಪೇಪರ್ ಹಿಡಿದು ಕೂರುತ್ತಾರೆ. ಪುಟ ಮಾತ್ರ ತಿರುವುವುದಿಲ್ಲ. ತನ್ಮಯಿ ಬಂದ ಹೊಸದರಲ್ಲಿ ಸಣಕಲು. ಗೋಡೆ, ಮರಳು, ಹಗ್ಗ ಎಲ್ಲದರಲ್ಲೂ ಮುಂದು. ಆದರೆ ಪೆಟ್ಟಿಗೆಗೆ ಪೋಲ್ ಊರಿ ಮೇಲೇಳುವ ಆ ಗಳಿಗೆ ಬಂತೆಂದರೆ ಹೆದರಿಕೆ. ಪಕ್ಕದಲ್ಲೇ ನಿಂತಿದ್ದ ಮಿಸ್ ಒಂದು ದಿನ ಅವಳ ಬೆನ್ನಿಗೆ ಅಂಗೈ ಕೊಟ್ಟು ಮೇಲಕ್ಕೆ ನೂಕಿದರು. ಹುಡುಗಿ ಹಕ್ಕಿಯ ಹಾಗೆ ಎದ್ದಳು. ಕೆಳಗೆ ಬಿದ್ದು, ನಕ್ಕು, "ಇನ್ನೊಂದ್ಸಲ ಮಿಸ್" ಎಂದಳು.

ಆ ಇನ್ನೊಂದು ಸಲ ಎರಡು ವರ್ಷ ನಡೆಯಿತು. ಹೊಸಬರ ಭಯ ಬಿಡಿಸಲು ಪೋಲ್ ವಾಲ್ಟ್ ಕಲಿಸುವವರು ಹೀಗೆ ಬೆನ್ನಿಗೆ ಕೈ ಆನಿಸುವುದು ಉಂಟು. ಒಂದಿಷ್ಟು ದಿನವಾದ ಮೇಲೆ ಕೈ ತೆಗೆದುಬಿಡಬೇಕು. ಶಿವಕುಮಾರಿ ತೆಗೆಯಲಿಲ್ಲ. ಮರೆತರು ಎಂದಲ್ಲ, ಅವರಿಗೆ ಇಷ್ಟವಾಗಿತ್ತು. "ಅವ್ಳು ಎದ್ದಾಗ ನನ್ ಕೈಗೇ ಗೊತ್ತಾಗ್ತಿತ್ತು. ನಾನೇ ಹಾರ್ದಂಗೆ ಇರೋದು" ಎನ್ನುತ್ತಾರೆ. "ಆಸೆ ಬಿತ್ತು ಅನ್ನಿ. ತೆಗೀಬೇಕಾದ ಕೈ ತೆಗೀಲಿಲ್ಲ."

ಆಷಾಢದಲ್ಲಿ ತನ್ಮಯಿ ಮೊದಲ ಸಲ ದೊಡ್ಡ ಸ್ಪರ್ಧೆಗೆ ಇಳಿದಳು. ಅಲ್ಲಿ ಓಟದ ಪಟ್ಟಿಯ ಪಕ್ಕ ಕೋಚುಗಳು ನಿಲ್ಲುವಂತಿಲ್ಲ, ಮುಟ್ಟುವ ಮಾತಂತೂ ಇಲ್ಲವೇ ಇಲ್ಲ. ಪ್ರತಿ ಎತ್ತರಕ್ಕೆ ಮೂರು ಅವಕಾಶ. ಮೊದಲ ಎತ್ತರ ಅವಳಿಗೆ ನೀರು ಕುಡಿದಷ್ಟು ಸಲೀಸು ಎಂದು ಎಲ್ಲರೂ ತಿಳಿದಿದ್ದರು. ಮೂರು ಸಲವೂ ತನ್ಮಯಿ ಚೆನ್ನಾಗಿ ಓಡಿದಳು, ಚೆನ್ನಾಗಿ ಊರಿದಳು, ಪೋಲ್ ಬಿಟ್ಟು ಮುಂದಕ್ಕೆ ಓಡಿಹೋದಳು. ಬಾರ್ ಅಲುಗಲೂ ಇಲ್ಲ. ವಾಪಸ್ ಬರುವಾಗ ಅಪ್ಪನ ಸ್ಕೂಟರ್ ಹತ್ತದೆ ಮಿಸ್ ಜೊತೆ ಆಟೋದಲ್ಲಿ ಕೂತಳು. ಮಿನರ್ವ ಸರ್ಕಲ್ ಬಂತು. ಆಮೇಲೆ ಹೇಳಿದಳು: "ನಿಮ್ ಕೈ ಬರತ್ತೆ ಅಂತ ಕಾಯ್ತಿದ್ದೆ ಮಿಸ್. ಬರಲ್ಲ ಅಂತ ಗೊತ್ತು. ಆದ್ರೂ ಬೆನ್ನು ಕಾಯತ್ತೆ."

ಶಿವಕುಮಾರಿಗೆ ಆ ರಾತ್ರಿ ಊಟ ಸೇರಲಿಲ್ಲ. ಇನ್ನೊಬ್ಬರು ಮಾಡಿದ ತಪ್ಪಾದರೆ ಬೈದಾದರೂ ಹಗುರಾಗಬಹುದಿತ್ತು.

ಮಾರನೆಯ ದಿನದಿಂದ ತನ್ಮಯಿಗೆ ಮತ್ತೆ ಮೊದಲಿಂದ. ನಡಿಗೆ, ಗೋಡೆ, ಮರಳು, ಹಗ್ಗ. ಅವಳಿಗಿಂತ ಚಿಕ್ಕವರು ಎಲಾಸ್ಟಿಕ್ ಮೇಲಿಂದ ಹಾರುವಾಗ ಇವಳು ಗೋಡೆಗೆ ಪೋಲ್ ಊರಿ ನಿಂತಳು. ಹುಡುಗಿ ತುಟಿ ಕಚ್ಚಿ ಮಾಡಿದಳು. ಎಲ್ಲ ಮುಗಿಸಿ ಮತ್ತೆ ಪೆಟ್ಟಿಗೆಯ ಮುಂದೆ ಓಡಿ ಬಂದ ಮೊದಲ ದಿನ ತೊಂದರೆ ಬಂದದ್ದು ಮಿಸ್ ಕಡೆಯಿಂದ. ಮುಟ್ಟಬಾರದು ಎಂದು ತೀರ್ಮಾನಿಸಿ ನಿಂತಿದ್ದರು, ಆದರೂ ಕೈ ತಾನಾಗಿ ಹೋಗಿ ಹುಡುಗಿಯ ಬೆನ್ನಿಗೆ ತಗುಲಿತು. ಕೈ ಕಟ್ಟಿಕೊಂಡು ನಿಂತರು, ಬಿಚ್ಚಿಕೊಂಡಿತು. ದುಪಟ್ಟಾದ ಗಂಟಿನೊಳಗೆ ಸಿಕ್ಕಿಸಿಕೊಂಡರು, ಹೊರಗೆ ಬಂತು. ದೂರ ಹೋಗಿ ನಿಂತರೆ ತನ್ಮಯಿ ಪೆಟ್ಟಿಗೆ ತಲುಪುವ ಮೊದಲೇ ಪೋಲ್ ಬಿಟ್ಟು ಓಡುತ್ತಿದ್ದಳು. ಪಕ್ಕದಲ್ಲಿ ನಿಲ್ಲಬೇಕು, ಮುಟ್ಟಬಾರದು. ಆಗಲೇ ಇಬ್ಬರಿಗೂ ಅಭ್ಯಾಸವಾಗುವುದು.

ಪರಿಹಾರ ಹೊಳೆದದ್ದು ಅಂಗಡಿಯಲ್ಲಿ. ಶ್ರಾವಣದ ವ್ಯಾಪಾರ, ಕಾಲಿಡಲು ಜಾಗವಿಲ್ಲ. ಗಾಜಿನ ಬಳೆ ಡಬ್ಬ ಹಿಡಿದು ಏಣಿ ಇಳಿಯುತ್ತಿದ್ದಾಗ ಯಾರೋ ಹಿಂದಿನಿಂದ ತಳ್ಳಿದರು. ಬಿದ್ದರೂ ಪರವಾಗಿಲ್ಲ ಎಂದು ಮೈ ವಾಲಿತು, ಎರಡು ಕೈ ಮಾತ್ರ ಡಬ್ಬ ಬಿಡಲಿಲ್ಲ. ಬಳೇಪೇಟೆಯ ಕೈಗೆ ಗಾಜಿನ ಭಯ ಅಷ್ಟು. ಆ ಸಂಜೆ ಗಂಡನ ಮುಂದೆ ವಿಷಯ ಇಟ್ಟರು: ಹಳೇ, ಒಡಕು ಬಳೆಯ ಡಬ್ಬ ಒಂದಿದ್ದರೆ ಕೊಡಿ, ಬೆಳಿಗ್ಗೆ ಮೈದಾನದಲ್ಲಿ ಹಿಡಿದು ನಿಲ್ಲುತ್ತೇನೆ.

ಪರಮಶಿವಯ್ಯ ಮಾತು ಕಡಿಮೆಯ ಮನುಷ್ಯ. ಮೈದಾನದ ವಿಷಯದಲ್ಲಿ ಅವರು ಯಾವತ್ತೂ ಬೇಡ ಎಂದಿಲ್ಲ, ಒಂದು ದಿನ ಬಂದು ನೋಡಿಯೂ ಇಲ್ಲ. ಏಣಿ ಹತ್ತಿ, ಮೇಲಿನ ಅರೆಯಿಂದ ಹಸಿರು ಗಾಜಿನ ಡಬ್ಬ ಇಳಿಸಿದರು. ಮದುವೆ ಹೆಣ್ಣಿಗೆಂದು ಕೊಳ್ಳುವ ಮಾಲು.

"ಒಡಕು ತಗೊಂಡ್ಹೋದ್ರೆ ನಿನ್ ಕೈಗೆ ಭಯ ಇರಲ್ಲ ಶಿವೂ" ಎಂದರು. "ಒಳ್ಳೇದೇ ತಗೊಂಡ್ಹೋಗು."

ಒಳ್ಳೆಯದನ್ನೇ ಒಯ್ದರು. ಮೊದಲ ದಿನವೇ ತನ್ಮಯಿ ಓಡಿ ಬಂದಾಗ ಕೈ ಹೋಯಿತು, ಡಬ್ಬ ಬಿತ್ತು, ಓಟದ ಪಟ್ಟಿಯ ತುಂಬ ಹಸಿರು ಚೂರು. ಮಕ್ಕಳ ಕಾಲಿಗೆ ಚುಚ್ಚದಂತೆ ಒಂದೊಂದೇ ಆರಿಸುವಷ್ಟರಲ್ಲಿ ಬೆಳಗಿನ ಅಭ್ಯಾಸವೇ ಮುಗಿಯಿತು. ಬದರೀನಾರಾಯಣ ಕೂಡ ಪೇಪರ್ ಮಡಿಸಿಟ್ಟು ಮೊಣಕಾಲೂರಿ ಆರಿಸಿದರು. ಖಾಲಿ ಡಬ್ಬ ಹಿಡಿದು ಅಂಗಡಿಗೆ ಹೋದರೆ ಪರಮಶಿವಯ್ಯ ಬೈಯಲಿಲ್ಲ. ಇನ್ನೊಂದು ಡಬ್ಬ ಇಳಿಸಿದರು. ಅದೂ ಒಳ್ಳೆಯದೇ. ಅಲ್ಲಿಂದ ಈಚೆಗೆ ಡಬ್ಬ ಬಿದ್ದಿಲ್ಲ. ಆದರೆ ತನ್ಮಯಿ ಊರುವ ಹೊತ್ತಿಗೆ ಒಳಗೆ ಗಾಜು ಜಲ್ ಎನ್ನುವುದು ನಿಂತಿಲ್ಲ. ಸದ್ದಾದರೆ ಮಿಸ್ ಕೈ ಅಲುಗಿತು ಎಂದು ಅರ್ಥ. ತನ್ಮಯಿ ಆ ಸದ್ದಿಗೇ ಕಾಯುತ್ತಾಳೆ. ಈ ಗುರುವಾರದ ಬೆಳಿಗ್ಗೆ ಅವಳು ಎದ್ದದ್ದಕ್ಕಿಂತ ಓಡಿಹೋದದ್ದೇ ಜಾಸ್ತಿ.

ಭಾನುವಾರ ಮತ್ತೆ ಸ್ಪರ್ಧೆ. ಈ ಸಲವೂ ಮೊದಲ ಎತ್ತರದಲ್ಲೇ ಹಾಗಾದರೆ ಬಿಟ್ಟುಬಿಡುವುದೆಂದು ತನ್ಮಯಿ ನಿರ್ಧರಿಸಿದ್ದಾಳೆ. ಕೋಪದಿಂದ ಹೇಳುತ್ತಿಲ್ಲ, ಅದೇ ಶಿವಕುಮಾರಿಯವರಿಗೆ ಹೆದರಿಕೆ. "ಓದ್ಕೋಬೇಕು ಮಿಸ್. ಎರಡೂ ಆಗಲ್ಲ" ಎಂದಳು, ಶೂ ಬಿಚ್ಚುತ್ತ, ಮುಖ ಎತ್ತದೆ. ಇಷ್ಟು ವರ್ಷದಲ್ಲಿ ಈ ಮೈದಾನಕ್ಕೆ ಬಂದವರಲ್ಲಿ ಹಾರುವುದಕ್ಕೆಂದೇ ಹುಟ್ಟಿದವಳು ಇವಳೊಬ್ಬಳು. ಅವಳು ಬಿಟ್ಟರೆ ಅದಕ್ಕೆ ಕಾರಣ ತಮ್ಮ ಬಲಗೈ ಎಂಬುದು ಶಿವಕುಮಾರಿಗೆ ಗೊತ್ತಿದೆ.

ಭಾನುವಾರ ಬೆಳಿಗ್ಗೆ ಗೂಡ್ಸ್ ಆಟೋದ ಮೇಲೆ ಪೋಲ್ ಕಟ್ಟಿಕೊಂಡು ಸ್ಟೇಡಿಯಂ ಸೇರುತ್ತಾರೆ. ಅದರ ತುದಿಗೆ ಕೆಂಪು ಬಟ್ಟೆ. ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವನೊಬ್ಬ, "ಏನ್ ಗುರು ಇದು, ಕೇಬಲ್ ಹಾಕೋದಾ?" ಎಂದು ಡ್ರೈವರನ್ನು ಕೇಳುತ್ತಾನೆ. ಡ್ರೈವರಿಗೂ ಗೊತ್ತಿಲ್ಲ, ಆದರೂ ಹೌದು ಎನ್ನುತ್ತಾನೆ.

ಗ್ಯಾಲರಿಯ ಮೆಟ್ಟಿಲ ಮೇಲೆ ಶಿವಕುಮಾರಿ, ಪಕ್ಕದಲ್ಲಿ ಬದರೀನಾರಾಯಣ. ಶಿವಕುಮಾರಿಯವರ ತೊಡೆಯ ಮೇಲೆ ಬಳೆ ಡಬ್ಬ. ಇಷ್ಟು ದೂರದಿಂದ ಯಾರ ಬೆನ್ನನ್ನೂ ಮುಟ್ಟಲಾಗುವುದಿಲ್ಲ, ಡಬ್ಬ ಏಕೆ ತಂದರೋ ಅವರಿಗೇ ಗೊತ್ತಿಲ್ಲ. ಖಾಲಿ ಕೈಯಲ್ಲಿ ಕೂರಲು ಆಗಲಿಲ್ಲವಂತೆ.

ತನ್ಮಯಿಯ ಮೊದಲ ಸರದಿ. ಓಟ ಚೆನ್ನಾಗಿದೆ. ಸೊಂಟ, ಕಿವಿ, ಆಕಾಶ. ಡಬ್ಬ ಜಲ್ ಎನ್ನುತ್ತದೆ. ತನ್ಮಯಿ ಪೋಲ್ ಬಿಟ್ಟು ಮುಂದಕ್ಕೆ ಓಡುತ್ತಾಳೆ. ಅಂಪೈರು ಕೆಂಪು ಬಾವುಟ ಎತ್ತುತ್ತಾರೆ. ಬದರೀನಾರಾಯಣ ಕನ್ನಡಕ ತೆಗೆದು ಒರೆಸುತ್ತಾರೆ. ಒರೆಸುವಂಥದ್ದು ಅದರಲ್ಲೇನೂ ಇಲ್ಲ.

ಎರಡನೆಯ ಸಲ ಅವಳ ಎಡಗಾಲು ನೆಲ ಬಿಡುತ್ತದೆ. ಪೋಲ್ ಬಾಗುತ್ತದೆ, ಅವಳನ್ನು ಎತ್ತುತ್ತದೆ, ಆದರೆ ತಡವಾಗಿ ಎದ್ದಿದ್ದಾಳೆ. ಮೊಣಕಾಲು ತಗುಲಿ ಬಾರ್ ಬೀಳುತ್ತದೆ. ಮತ್ತೆ ಕೆಂಪು ಬಾವುಟ. ಗ್ಯಾಲರಿಯಲ್ಲಿ ಶಿವಕುಮಾರಿ ಮಾತ್ರ ಎದ್ದು ನಿಂತಿದ್ದಾರೆ. "ಎದ್ಲು! ಸಾರ್, ಎದ್ಲು!" ಎಂದು ಕೂಗುತ್ತಾರೆ. ಬಾರ್ ಬಿದ್ದದ್ದಕ್ಕೆ ಇಷ್ಟು ಸಂತೋಷಪಡುವ ಕೋಚನ್ನು ಕಂಡು ಮುಂದಿನ ಸಾಲಿನವರು ಹಿಂತಿರುಗಿ ನೋಡುತ್ತಾರೆ. ಡಬ್ಬ ಈ ಸಲವೂ ಸದ್ದು ಮಾಡಿತ್ತು, ಮೊದಲಿನಷ್ಟಲ್ಲ.

ಇನ್ನೊಂದೇ ಅವಕಾಶ. ತನ್ಮಯಿ ಪಟ್ಟಿಯ ತುದಿಯಲ್ಲಿ ನಿಂತು ಗ್ಯಾಲರಿಯ ಕಡೆ ಒಮ್ಮೆ ನೋಡುತ್ತಾಳೆ. ಶಿವಕುಮಾರಿ ಕೈ ಬೀಸುವುದಿಲ್ಲ. ಎರಡೂ ಕೈಯನ್ನು ಡಬ್ಬದ ಮುಚ್ಚಳದ ಮೇಲೆ ಇಟ್ಟು ಕೂರುತ್ತಾರೆ. ಹುಡುಗಿ ಓಡುತ್ತಾಳೆ. ಬದರೀನಾರಾಯಣ ಮಗಳನ್ನು ನೋಡುವ ಧೈರ್ಯ ಸಾಲದೆ ಪಕ್ಕದ ಡಬ್ಬವನ್ನೇ ನೋಡುತ್ತಿದ್ದಾರೆ. ಅದು ಸದ್ದು ಮಾಡುವುದಿಲ್ಲ. ಸದ್ದು ಬಂದಿಲ್ಲವಲ್ಲ ಎಂದು ಅವರು ತಲೆ ಎತ್ತುವಷ್ಟರಲ್ಲಿ ತನ್ಮಯಿ ಬಾರಿನ ಆ ಕಡೆ ಇದ್ದಾಳೆ, ಬೀಳುತ್ತಿದ್ದಾಳೆ. ಬಾರ್ ಕಂಬಗಳ ಮೇಲೆ ಒಂದಿಷ್ಟೂ ಅಲುಗದೆ ಕೂತಿದೆ. ಬಿಳಿ ಬಾವುಟ.

ಅವಳೇನೂ ಗೆಲ್ಲಲಿಲ್ಲ. ಇನ್ನೂ ಎರಡು ಎತ್ತರ ದಾಟಿ, ಅದರ ಮೇಲಿನದರಲ್ಲಿ ಮೂರು ಸಲವೂ ಬಾರ್ ಬೀಳಿಸಿ, ಕೊನೆಯಿಂದ ಎರಡನೆಯವಳಾಗಿ ಮುಗಿಸಿದಳು. ಆ ಮೂರೂ ಸಲ ನೆಲ ಬಿಟ್ಟು ಎದ್ದೇ ಬೀಳಿಸಿದಳು. ಗ್ಯಾಲರಿಯ ಮೆಟ್ಟಿಲು ಹತ್ತಿ ಬಂದು ಮಿಸ್ ಮುಂದೆ ನಿಂತಳು.

"ನಾಳೆ ಬರ್ತೀಯಾ?" ಎಂದು ಕೇಳಿದರು ಶಿವಕುಮಾರಿ.

"ಐದೂವರೆಗೆ ಮಿಸ್" ಎಂದಳು ತನ್ಮಯಿ.

ಸೋಮವಾರ ಬೆಳಿಗ್ಗೆ ಬಳೇಪೇಟೆ. ಕೈಗಾಡಿಗಳು, ಸ್ಕೂಟರುಗಳು ಒಂದಕ್ಕೊಂದು ದಾರಿ ಕೊಡದೆ ಜಗಳವಾಡುತ್ತಿವೆ. ಮೈದಾನದಿಂದ ಬಂದ ಶಿವಕುಮಾರಿ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದಾರೆ, ಶೂಗೆ ಮೈದಾನದ ಮಣ್ಣು ಅಂಟಿದೆ. ಮುಂದೇನು ಆಸೆ ಎಂದು ಕೇಳಿದರೆ, ಹಾಸಿಗೆಗೊಂದು ಹೊಸ ಟಾರ್ಪಾಲು ಸಿಕ್ಕಿದರೆ ಸಾಕು, ಹಳೆಯದು ಮಳೆಗೆ ಸೋರುತ್ತದೆ ಎನ್ನುತ್ತಾರೆ.

ಪರಮಶಿವಯ್ಯ ಗಲ್ಲಾದಿಂದ ಕೈ ಚಾಚುತ್ತಾರೆ. "ಡಬ್ಬ ಕೊಡು ಶಿವೂ, ಮೇಲೆ ಇಟ್ಬಿಡ್ತೀನಿ. ಎಲ್ಲಾ ಸರಿಯಾಗಿದ್ಯಾ?"

ಶಿವಕುಮಾರಿ ಡಬ್ಬ ಬಿಚ್ಚುತ್ತಾರೆ. ಹಸಿರು ಬಳೆ ಇಟ್ಟದ್ದು ಇಟ್ಟಂತೆ ಇವೆ, ಒಂದಕ್ಕೂ ಬಿರುಕಿಲ್ಲ. ಕೊಡುವುದಿಲ್ಲ. ಬ್ಯಾಗಿನಲ್ಲಿದ್ದ ಜೋಡಿ ತಪ್ಪಿದ ಬಳೆಗಳನ್ನು ಬ್ಯಾಗಿನಲ್ಲೇ ಬಿಟ್ಟು, ಬಲಗೈಯ ಬೆರಳು ಕೂಡಿಸಿ, ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸಿಕೊಳ್ಳುತ್ತಾರೆ.

"ಏನೇ ಇದು, ಮಾರೋ ಮಾಲು ಹಾಕ್ಕೊಳ್ತಿದೀಯಲ್ಲ?" ಎನ್ನುತ್ತಾರೆ ಪರಮಶಿವಯ್ಯ.

"ಇದು ಮಾರೋದಲ್ಲ ರೀ" ಎನ್ನುತ್ತಾರೆ ಶಿವಕುಮಾರಿ, ಕೊನೆಯ ಬಳೆ ಏರಿಸಿ ಕೈ ಎತ್ತಿ ಬೆಳಕಿಗೆ ಹಿಡಿದು. "ಇದು ನಾನು ಗೆದ್ದಿದ್ದು."